ಎಲೆಯ ಬೆನ್ನಿನ ಬಿಳಿ ಬೂಷ್ಟು

ನಮ್ಮ ಹಟ್ಟಿಯಲ್ಲಿ ಏಳನೆಯ ತರಗತಿಯವರೆಗೆ ಓದಿದ ಹೆಣ್ಣು ನಾನೊಬ್ಬಳೇ. ಓದಿ ಏನು ಮಾಡುವುದೆಂದು ನನಗೂ ತಿಳಿದಿರಲಿಲ್ಲ, ಹಟ ಹಿಡಿದು ಓದಿಸಿದ ಅಪ್ಪನಿಗೂ ತಿಳಿದಿರಲಿಲ್ಲ. ಶಾಲೆ ಮುಗಿದ ಮೇಲೆ ಎಲ್ಲರಂತೆ ತಲೆಗೆ ಬಿಳಿ ಮಂಡೆಪಟ್ಟು ಕಟ್ಟಿಕೊಂಡು ಗಾಸಿನ ಹೊಲಕ್ಕೆ ಹೋಗತೊಡಗಿದೆ. ಗಾಸು ಎಂದರೆ ನಮ್ಮ ಮಾತಿನಲ್ಲಿ ಆಲೂಗಡ್ಡೆ. ಆ ಕಾಲಕ್ಕೆ ಚಹಾ ಗಿಡವೆಲ್ಲ ಹೆಚ್ಚಾಗಿ ಸಾಹೇಬರ ಎಸ್ಟೇಟುಗಳಲ್ಲಿತ್ತು. ನಮ್ಮ ಇಳಿಜಾರುಗಳ ತುಂಬ ಗಾಸೇ ಗಾಸು.

ನನಗೆ ಹದಿನಾರು ತುಂಬಿದ ವರ್ಷ ಮಂಜು ಬಿಡದೆ ಕವಿಯಿತು. ಹಸಿರಾಗಿ ನಳನಳಿಸುತ್ತಿದ್ದ ಗಿಡಗಳು ನಾಲ್ಕೈದು ದಿನಗಳಲ್ಲಿ ಸುಟ್ಟಂತೆ ಕರ್ರಗಾದವು. ಅಗೆದು ನೋಡಿದರೆ ಗಡ್ಡೆಯೂ ಕೊಳೆತಿತ್ತು. ಹಟ್ಟಿಯ ಗಂಡಸರು ಹೊಲದ ಬದುವಿನ ಮೇಲೆ ಸುಮ್ಮನೆ ಕೂತಿದ್ದಾಗ ಕೆಳಗಿನ ದಾರಿಯಿಂದ ಒಬ್ಬ ಹೆಂಗಸು ಏರಿ ಬಂದಳು. ಸೀರೆಯನ್ನು ಮೇಲಕ್ಕೆ ಸಿಕ್ಕಿಸಿ, ಕಾಲಿಗೆ ಗಂಡಸರ ಬೂಟು ಹಾಕಿದ್ದಳು. ಉದಕಮಂಡಲದ ಅಂಚಿನಲ್ಲಿದ್ದ ಸರ್ಕಾರಿ ತೋಟದ ಸಣ್ಣ ಪ್ರಯೋಗಶಾಲೆಗೆ ಗಿಡಗಳ ರೋಗ ನೋಡಲು ಹೊಸದಾಗಿ ಬಂದವಳು. ಮೈಸೂರು ಕಡೆಯವಳು, ಮದರಾಸಿನಲ್ಲಿ ಓದಿದವಳು. ಮುಂದೆ ನಾನು ಅವರನ್ನು ಮೇಡಂ ಎಂದೇ ಕರೆದೆ, ಇಲ್ಲಿಯೂ ಹಾಗೇ ಕರೆಯುತ್ತೇನೆ.

ಮೇಡಂ ಕೆಸರಿನಲ್ಲೇ ಮಂಡಿಯೂರಿ ಎಲೆ ಮಗುಚಿ ನೋಡಿದರು. "ಇದು ಮೊದಲು ಎಲ್ಲಿ ಕಾಣಿಸಿತು? ಯಾರು ನೋಡಿದಿರಿ?" ಎಂದು ಕೇಳಿದರು.

"ಮಂಜುಲಿ ಬಂದದು. ದಾರ ಕಂಡಿಯಾ?" ಎಂದು ಹಿರಿಯರೊಬ್ಬರು, ಮಂಜಿನಲ್ಲಿ ಬಂದದ್ದನ್ನು ಯಾರು ಕಂಡಾರು ಎಂಬಂತೆ, ಬೇರೆ ಕಡೆ ಮುಖ ಮಾಡಿ ಹೇಳಿದರು.

ನನಗೆ ತಡೆಯಲಾಗಲಿಲ್ಲ. "ನಾ ಕಂಡೆ. ಹೊಲಗ ಬಪ್ಪ ಮುಂದೆಯೇ ಆ ಗುಪ್ಪೆಲಿ ಕಂಡೆ," ಎಂದು ಕೈ ತೋರಿಸಿದೆ.

ಹೋದ ಸಲ ಅಗೆದಾಗ ಕೊಳೆತ ಗಡ್ಡೆಗಳನ್ನೆಲ್ಲ ಹೊಲದ ಮೂಲೆಯಲ್ಲಿ ಗುಪ್ಪೆ ಹಾಕಿದ್ದರು. ಅದರೊಳಗಿನ ಕೆಲವು ಗಡ್ಡೆ ಮೊಳೆತು ಗಿಡವಾಗಿದ್ದವು. ಆ ಗಿಡಗಳ ಎಲೆಯ ಬೆನ್ನಿಗೆ ಬಿಳಿ ಬೂಷ್ಟು ಹತ್ತಿದ್ದನ್ನು ನಾನು ಸುಮಾರು ಹದಿನೈದು ದಿನ ಮೊದಲೇ ನೋಡಿದ್ದೆ. ಮೇಡಂ ಎದ್ದು ನಿಂತು, ಗಂಡಸರನ್ನೆಲ್ಲ ದಾಟಿ ನೇರ ನನ್ನ ಹತ್ತಿರ ಬಂದರು. "ಮೊದಲು ಗುಪ್ಪೆಯಲ್ಲಿ, ಆಮೇಲೆ ಹೊಲದಲ್ಲಿ. ಖಂಡಿತವೇ?"

"ಖಂಡಿತ."

"ನಾನು ಇಷ್ಟು ದಿನ ರೋಗದ ಮೂಲವನ್ನು ಹೊಲದ ನಡುವೆಯೇ ಹುಡುಕುತ್ತಿದ್ದೆ," ಎಂದರು. ಅವರ ಕಣ್ಣು ಮಿಂಚುತ್ತಿತ್ತು. ನನ್ನ ಮಾತನ್ನು ಹೊರಗಿನವರೊಬ್ಬರು ಹಾಗೆ ಬಾಯಾರಿದವರಂತೆ ಕೇಳಿದ್ದು ಅದೇ ಮೊದಲು.

ಪ್ರಯೋಗಶಾಲೆಗೆ ಎಲೆಗಳನ್ನು ತಂದುಕೊಡಲು ನನ್ನನ್ನು ಕಳಿಸುವಿರಾ ಎಂದು ಅವರು ಅಪ್ಪನನ್ನು ಕೇಳಿದರು. ಹೆಣ್ಣೊಬ್ಬಳೇ ಪೇಟೆಗೆ ಹೋಗುವುದು ಬೇಡವೆಂದು ಅಪ್ಪ ತಲೆಯಾಡಿಸಿದ. ಅಷ್ಟರಲ್ಲಿ ಬದುವಿನ ಆಚೆಯಿಂದ ನನ್ನ ಹೆತ್ತೆ, ಅಂದರೆ ಅಜ್ಜಿ, ಗದರಿದಳು: "ನಾ ಕೂಡ ಹೋಪೆ. ಆ ಅಮ್ಮ ಎಲೆಲಿ ಏನ ನೋಡಿಯಾ ಎಂದು ಎನಗೂ ತಿಳಿಯಬೇಕು." ಅಪ್ಪ ಹೋಗಿ ಎಲೆ ತುಂಬಲು ಬುಟ್ಟಿ ತಂದಿಟ್ಟ.

ಮರುದಿನ ಬೆಳಗ್ಗೆ ನಾವಿಬ್ಬರೂ ಬುಟ್ಟಿ ತುಂಬ ರೋಗದ ಎಲೆ ಹೊತ್ತು ನಡೆದೆವು. ಪ್ರಯೋಗಶಾಲೆ ಎಂದರೆ ತಗಡಿನ ಮಾಡಿನ ಎರಡು ಕೋಣೆ. ಕಿಟಕಿಯ ಬಳಿ ಹಿತ್ತಾಳೆಯ ಸೂಕ್ಷ್ಮದರ್ಶಕ. ಮೇಡಂ ಬೂಷ್ಟನ್ನು ಸೂಜಿಯಲ್ಲಿ ತೆಗೆದು, ತಣ್ಣೀರಿನ ಹನಿಯಲ್ಲಿಟ್ಟು, ನನ್ನನ್ನು ಕೂರಿಸಿದರು. ಮೊದಲು ನನ್ನ ರೆಪ್ಪೆಗೂದಲೇ ಕಂಡಿತು. ಆಮೇಲೆ, ಅವರು ಹೇಳಿದಂತೆ ತಿರುಪು ತಿರುಗಿಸಿದಾಗ, ನಿಂಬೆಹಣ್ಣಿನ ಆಕಾರದ ಪುಟ್ಟ ಚೀಲಗಳು ಕಂಡವು.

"ಈಗ ಕಾಯಬೇಕು," ಎಂದರು ಮೇಡಂ.

ಹೆತ್ತೆ ಮೂಲೆಯಲ್ಲಿ ಕೂತು ಬುತ್ತಿ ಬಿಚ್ಚಿದಳು. ನಾನು ಉಣ್ಣಲೊಲ್ಲದೆ ಮತ್ತೆ ಮತ್ತೆ ಕಣ್ಣಿಟ್ಟೆ. ಎಷ್ಟೋ ಹೊತ್ತಿನ ಮೇಲೆ ಒಂದು ಚೀಲದ ತುದಿ ಒಡೆಯಿತು. ಒಳಗಿಂದ ಒಂದು, ಎರಡು, ಮೂರು ಚುಕ್ಕಿಗಳು ಹೊರಬಿದ್ದು ಗಿರಗಿರನೆ ಸುತ್ತುತ್ತ ಈಜಿಕೊಂಡು ಹೋದವು! ನಾನು ಕಿರುಚಿದೆನಂತೆ, ನನಗೆ ನೆನಪಿಲ್ಲ. ಹೆತ್ತೆ ನನ್ನನ್ನು ಸರಿಸಿ ತಾನು ಕೂತಳು. "ಅಯ್ಯೋ, ಈಜಿಯಾ! ಇದುಗ ಜೀವ ಅದೆ!" ಎಂದು ಮಂಡೆಪಟ್ಟು ಜಾರಿದ್ದೂ ತಿಳಿಯದೆ ಕೂಗಿದಳು. ಮೇಡಂ ನಗುತ್ತ, ಎಲೆಯ ಮೇಲೆ ಮಂಜಿನ ಹನಿ ನಿಂತರೆ ಈ ಚುಕ್ಕಿಗಳು ಅದರಲ್ಲಿ ಈಜಿ ಎಲೆಯೊಳಗೆ ಸೇರುತ್ತವೆ, ಅಲ್ಲಿಂದ ಗಿಡ ಕೊಳೆಯುತ್ತದೆ ಎಂದು ವಿವರಿಸಿದರು. ನಮ್ಮ ಮಂಜಿನೊಳಗೆ, ನಮ್ಮ ಕಣ್ಣೆದುರಿಗೇ, ಇಂಥದೊಂದು ಲೋಕ ಇಷ್ಟು ದಿನ ಈಜಾಡುತ್ತಿತ್ತಲ್ಲ ಎಂದು ನಾನು ಹಿಂತಿರುಗುವ ದಾರಿಯುದ್ದಕ್ಕೂ ಮಾತಾಡಿದೆ. ಹೆತ್ತೆ ನನಗಿಂತ ಹೆಚ್ಚು ಮಾತಾಡಿದಳು.

ಅಂದಿನಿಂದ ನಾನು ಮೇಡಂನ ಕೈಯಾಳಾದೆ. ಗಾಜು ತೊಳೆಯುವುದರಿಂದ ಶುರುವಾದದ್ದು ಚಿತ್ರ ಬರೆಯುವುದಕ್ಕೆ ಬಂತು. ಒಂದು ಸಲ ನಾನು ಚೀಲಗಳನ್ನು ಅಂದವಾಗಿ ಸಾಲಾಗಿ ಬರೆದಿದ್ದೆ. ಅವರು ಆ ಹಾಳೆ ಹರಿದರು. "ಕಂಡದ್ದನ್ನು ಬರೆ. ಕಂಡರೆ ಚೆಂದ ಅನ್ನಿಸುವುದನ್ನಲ್ಲ." ನಾನು ಅತ್ತೆ, ಸಿಟ್ಟಿನಿಂದ ಮತ್ತೆ ಬರೆದೆ, ಆ ಚಿತ್ರ ಸರಿಯಾಗಿತ್ತು.

ನನ್ನ ಗುಪ್ಪೆಯ ಮಾತನ್ನು ಅವರು ಬಿಡಲಿಲ್ಲ. ಪರೀಕ್ಷಿಸಬೇಕು ಎಂದರು. ಹೊಲ ಕೊಡಲು ಯಾರೂ ಒಪ್ಪದಿದ್ದಾಗ ಹೆತ್ತೆ ತನ್ನ ಪಾಲಿನ ತುಂಡು ಬಿಟ್ಟುಕೊಟ್ಟಳು. ಅದರ ಸುತ್ತಮುತ್ತ ಇದ್ದ ಕೊಳೆತ ಗಡ್ಡೆಗಳನ್ನೆಲ್ಲ ನಾವು ಆಳವಾದ ಗುಂಡಿಯಲ್ಲಿ ಹೂತೆವು, ತಾನಾಗಿ ಮೊಳೆತ ಗಿಡಗಳನ್ನು ಕಿತ್ತೆವು. ಮುಂದಿನ ಮಂಜಿಗೆ ಅಕ್ಕಪಕ್ಕದ ಹೊಲಗಳು ಕಮರಿದವು. ಹೆತ್ತೆಯ ತುಂಡಿಗೂ ರೋಗ ಬಂತು, ಆದರೆ ತಡವಾಗಿ. ಅಷ್ಟರಲ್ಲಿ ಮಣ್ಣೊಳಗೆ ಗಡ್ಡೆ ಬಲಿತಿತ್ತು. ಅಗೆದ ದಿನ ಹೆತ್ತೆ ಮಣ್ಣು ಮೆತ್ತಿದ ಎರಡು ಗಡ್ಡೆಗಳನ್ನು ಎರಡು ಕೈಯಲ್ಲಿ ಎತ್ತಿಹಿಡಿದು ಹಟ್ಟಿಯ ಮನೆಸಾಲಿನ ಮುಂದೆಲ್ಲ ನಡೆದಳು. ಗಂಡಸರು ಸೇರುವ ಕೂಟಕ್ಕೆ ಮೊದಲ ಬಾರಿ ನನ್ನನ್ನು ಕರೆದರು. ನಾನು ನಿಂತು ಮಾತಾಡಿದೆ. ಗುಪ್ಪೆಯಿಂದ ಹೊಲಕ್ಕೆ ರೋಗ ಹೇಗೆ ಬರುತ್ತದೆಂದು ಹೇಳಿದೆ. ಮರುವಾರ ಹಟ್ಟಿಯವರೆಲ್ಲ ಸೇರಿ ಗುಂಡಿ ತೋಡಿದರು.

ಮದುವೆ ಗೊತ್ತಾಯಿತು. ಗಂಡನ ಹಟ್ಟಿ ಕೇತಿ ಕಣಿವೆಯ ಮೇಲಿತ್ತು. ಕೆಲಸ ಮುಗಿಯಿತೆಂದು ನಾನೇ ತೀರ್ಮಾನಿಸಿ, ನನ್ನ ಚಿತ್ರಗಳ ಪುಸ್ತಕವನ್ನು ಮೇಡಂನ ಮೇಜಿನ ಮೇಲಿಟ್ಟೆ.

"ಇದೇಕೆ?" ಎಂದರು.

"ಮದುವೆ ಆದರೆ..."

"ನನ್ನ ಜೊತೆ ಓದಿದ ನಾಲ್ವರು ಹುಡುಗಿಯರು ನನಗಿಂತ ಚುರುಕಾಗಿದ್ದರು," ಎಂದರು ಮೇಡಂ. "ಯಾರೂ ಅವರನ್ನು ಹೊರಗೆ ಹಾಕಲಿಲ್ಲ. ಮದುವೆಯಾದ ಮೇಲೆ ಒಂದು ವಾರ ಬರಲಿಲ್ಲ, ಆಮೇಲೆ ಒಂದು ತಿಂಗಳು ಬರಲಿಲ್ಲ. ಹೋಗಿ ಕರೆಯುವವರು ಇರಲಿಲ್ಲ, ಅಷ್ಟೇ. ನಾನು ಮದುವೆ ಬೇಡವೆಂದೆ. ಅದು ನನ್ನ ಇಷ್ಟ. ನೀನು ಈ ಎರಡರಲ್ಲಿ ಒಂದನ್ನು ಆರಿಸಬೇಕು ಅಂತ ನಿನಗೆ ಯಾರು ಹೇಳಿದರು?"

ಯಾರೂ ಹೇಳಿರಲಿಲ್ಲ. ನನ್ನ ಗಂಡನನ್ನು ನಾನು ಕೇಳಿಯೂ ಇರಲಿಲ್ಲ. ಮದುವೆಯ ಮರುವಾರ ಕೇಳಿದೆ. ಅವನು ಮಿತಭಾಷಿ, "ಕೇತಿಲಿ ರೈಲು ಅದೆಯಲ್ಲ," ಎಂದಷ್ಟೇ ಹೇಳಿದ. ಹಾಗೆ ನಾನು ಕೇತಿಯಿಂದ ಬೆಟ್ಟದ ರೈಲು ಹತ್ತಿ ಉದಕಮಂಡಲಕ್ಕೆ ಹೋಗಿಬರತೊಡಗಿದೆ.

ಮಗಳು ಹುಟ್ಟಿದಾಗ ಮಾತ್ರ ಎಲ್ಲ ನಿಂತಿತು. ಒಂದು ತಿಂಗಳು ಮೂರಾಯಿತು, ಮೂರು ಐದಾಯಿತು. ಕೂಸನ್ನು ಆಡಿಸುವ ಸುಖದಲ್ಲಿ ನಾನು ಚೀಲ, ಚುಕ್ಕಿಗಳನ್ನು ಮರೆಯತೊಡಗಿದ್ದೆ; ಮರೆಯುತ್ತಿದ್ದೇನೆಂದು ಒಮ್ಮೊಮ್ಮೆ ಹೆದರುತ್ತಿದ್ದೆ. ಒಂದು ಮಧ್ಯಾಹ್ನ ಅಂಗಳದಲ್ಲಿ ಬೂಟಿನ ಸದ್ದಾಯಿತು. ಮೇಡಂ ಕೇತಿ ಸ್ಟೇಷನ್ನಿನಿಂದ ನಡೆದೇ ಹತ್ತಿಬಂದಿದ್ದರು.

ಅತ್ತೆ ಬಾಗಿಲಲ್ಲೇ ನಿಂತಳು. "ಇವಳು ಪೇಟೆಗ ಹೋದರೆ ಕೂಸುಗ ಹಾಲು ದಾರ ಕೊಡಿಯಾ?"

"ಕೂಸೂ ಬರಲಿ," ಎಂದರು ಮೇಡಂ. "ಅಲ್ಲಿ ಎರಡನೆಯ ಕೋಣೆ ಬಿಸಿಲಿಗಿದೆ. ತೊಟ್ಟಿಲು ಕಟ್ಟಲು ಒಂದು ತೊಲೆಯೂ ಇದೆ."

ಅತ್ತೆ ಅವರ ಬೂಟನ್ನು ನೋಡಿದಳು. ಆಮೇಲೆ, "ಕೂಸುಗ ಚಳಿ ಆದರೆ ನಾ ಬಂದು ನಿಂಗಳನ್ನ ಕೇಳುವೆ," ಎಂದು ಒಳಗೆ ಹೋಗಿ ಕಂಬಳಿ ತಂದುಕೊಟ್ಟಳು.

ಹೀಗೆ ನನ್ನ ಮಗಳು ಪ್ರಯೋಗಶಾಲೆಯ ತೊಲೆಗೆ ಕಟ್ಟಿದ ಸೀರೆಯಲ್ಲಿ ತೂಗಿದಳು. ಬೆಳಗಿನ ತಣ್ಣೀರಿನಲ್ಲಿಟ್ಟ ಚೀಲಗಳನ್ನು ನೋಡಿ, ಹಾಲೂಡಿಸಿ, ಮತ್ತೆ ಬಂದು ಮಧ್ಯಾಹ್ನದ ನೀರಿನವುಗಳನ್ನು ನೋಡುತ್ತಿದ್ದೆ. ಆಗಲೇ ಒಂದು ಸಂಗತಿ ಕಣ್ಣಿಗೆ ಬಿತ್ತು. ತಣ್ಣೀರಿನಲ್ಲಿ ಚುಕ್ಕಿಗಳು ಈಜಿ ಹೊರಡುತ್ತಿದ್ದವು. ಬಿಸಿಲು ತಾಗಿ ಬೆಚ್ಚಗಾದ ನೀರಿನಲ್ಲಿ ಚೀಲ ಒಡೆಯುತ್ತಲೇ ಇರಲಿಲ್ಲ. ಅದರಿಂದ ನೇರವಾಗಿ ಒಂದು ಎಳೆ ಮೊಳೆಯುತ್ತಿತ್ತು. ದಿನವೂ ಬರೆದೆ. ಪುಟಗಳು ತುಂಬಿದವು.

ಒಂದು ದಿನ ಮದರಾಸಿನಿಂದ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದರು. ಅವರು ಕೋಣೆಗೆ ಕಾಲಿಡುತ್ತಲೇ ಮಗಳು ಅಳತೊಡಗಿದಳು. "ಇದೇನು, ಪ್ರಯೋಗಶಾಲೆಯೋ ಬಾಣಂತಿ ಮನೆಯೋ?" ಎಂದು ತಮಿಳಿನಲ್ಲಿ ಗುಡುಗಿದರು. ಮೇಡಂ ನನ್ನ ಪುಸ್ತಕ ತೆರೆದು ಅವರ ಮುಂದಿಟ್ಟರು. ಅವರು ನಿಂತುಕೊಂಡೇ ಒಂದು ಪುಟ ನೋಡಿದರು, ಇನ್ನೊಂದು ಪುಟ ನೋಡಿದರು, ಆಮೇಲೆ ಕುರ್ಚಿ ಎಳೆದು ಕೂತರು.

"ಈ ಎಳೆ ಬೇರೆ ಬೂಷ್ಟಿನದಲ್ಲವೆಂದು ಹೇಗೆ ಗೊತ್ತು?"

ಕೂಸನ್ನು ಹೆಗಲಿಗೆ ಹಾಕಿಕೊಂಡು ನಾನು ಉತ್ತರಿಸಿದೆ. ಒಂದೇ ಎಲೆಯ ಬೂಷ್ಟನ್ನು ಎರಡು ಹನಿಗೆ ಹಂಚಿದ್ದೆ, ಒಂದೇ ಚೀಲವನ್ನು ಮೊದಲಿಂದ ಕೊನೆಯವರೆಗೆ ಕಣ್ಣು ತೆಗೆಯದೆ ನೋಡಿದ್ದೆ. ಅವರು ಮತ್ತೆ ಕೇಳಿದರು, ನಾನು ಮತ್ತೆ ಹೇಳಿದೆ. ಮಗಳು ಅಳುತ್ತಲೇ ಇದ್ದಳು. ಅವಳ ಅಳುವಿನ ನಡುವೆ ಕೇಳಿಸಲೆಂದು ನಾವಿಬ್ಬರೂ ಕೂಗಿಯೇ ಮಾತಾಡಿದೆವು. ಒಂದು ಹಂತದಲ್ಲಿ ಅವರು ತಮಗೆ ಅರಿವಿಲ್ಲದೆಯೇ ಕೈಯಿಂದ ತೊಟ್ಟಿಲ ಸೀರೆಯನ್ನು ಬದಿಗೆ ಸರಿಸಿ, ಸೂಕ್ಷ್ಮದರ್ಶಕದ ಮುಂದೆ ಬಂದು ಕೂತರು. ಹೊರಡುವಾಗ ಮೇಡಂಗೆ ಹೇಳಿದರು: "ವರದಿ ಬರೆಯಿರಿ. ಈಕೆಯ ಹೆಸರು ಹಾಕಿ. ಕೈಯಾಳೆಂದು ಅಲ್ಲ, ಸಹಾಯಕಿಯೆಂದು."

ನಾನು ಮಗಳನ್ನು ಅವಚಿಕೊಂಡು ಸ್ಟೇಷನ್ನಿಗೆ ಓಡಿದೆ. ರೈಲಿನಲ್ಲಿ ಪಕ್ಕದಲ್ಲಿದ್ದ ಗುರುತಿಲ್ಲದ ಮುದುಕಿಗೂ ಹೇಳಿದೆ. ಆಕೆಗೆ ಎಷ್ಟು ತಿಳಿಯಿತೋ, ನನ್ನ ಗಲ್ಲ ಸವರಿದಳು. ಕೇತಿಯಲ್ಲಿ ಗಂಡ ಮಂಜಿನೊಳಗೆ ನಿಂತಿದ್ದ. ಎಲ್ಲ ಒಂದೇ ಉಸಿರಿಗೆ ಹೇಳಿದೆ. ಅವನು ಕೂಸನ್ನು ತೆಗೆದುಕೊಂಡು ಕೇಳಿದ: "ನಾಳೆಗ?"

"ನಾಳೆ ಕುಂದಾ ಬೆಟ್ಟದ ಕಡೆಗ ಹೋಪದು. ಅಲ್ಲಿ ಹೊಲ ಇನ್ನೂ ತಂಪು. ಅಲ್ಲಿ ಚುಕ್ಕಿ ಎಷ್ಟು ಬೇಗ ಹೊರಡಿಯಾ ಎಂದು ನೋಡಬೇಕು!"

"ಹಾಗಾರೆ ನಾನೂ ಬಪ್ಪೆ. ಬುಟ್ಟಿ ಹೊರುವವರು ಬೇಕಲ್ಲ," ಎಂದ. ಅವನ ಬಾಯಿಂದ ಒಮ್ಮೆಗೇ ಅಷ್ಟು ಮಾತು ನಾನು ಕೇಳಿದ್ದು ಅಂದೇ.