ಕೆರೆದ ಮೇಲೆ ನೋಡಿದ ಬಿಲ

ನಾನು ಶ್ರೀನಿವಾಸಪುರದ ಶಾಲೆಯೊಂದರಲ್ಲಿ ವಿಜ್ಞಾನದ ಮೇಡಂ. ಮರುಭೂಮಿಯ ಇಲಿಗೂ ಟರಾಂಟುಲಾ ಜೇಡಕ್ಕೂ ಇರುವ ವ್ಯತ್ಯಾಸ ನನ್ನ ಮೆಚ್ಚಿನ ಪಾಠ. ಬಿಸಿಲಿಗೆ ಹೆದರಿ ಎರಡೂ ನೆಲದೊಳಗೆ ಸೇರುತ್ತವೆ. ಇಲಿ ಹಗಲಲ್ಲಿ ಬಿಲದ ಬಾಯಿಗೆ ಮಣ್ಣು ತುಂಬುತ್ತದೆ. ಜೇಡ ಬಾಯಿಯ ಸುತ್ತ ಬಲೆ ಹಾಸಿ ಕಾಯುತ್ತದೆ. ಇಲಿ ಕೂಡಿಟ್ಟು ತಿಂದರೆ ಜೇಡ ಕಾದು ತಿನ್ನುತ್ತದೆ. ಇದನ್ನು ಹೇಳಿ ಬೋರ್ಡು ಒರೆಸುವಾಗ ನನಗೆ ನನ್ನ ಮೇಲೇ ಹೆಮ್ಮೆ.

ಮುಳಬಾಗಿಲಿನ ಹತ್ತಿರದ ನಮ್ಮ ಹೊಲದಲ್ಲಿ ರಾಗಿ ಕೊಯ್ಲಾದ ಮೇಲೆ ಇಲಿಬಿಲ ಅಗೆಯುವುದು ವಾಡಿಕೆ. ಇಲಿ ಕದ್ದು ಕೂಡಿಟ್ಟ ತೆನೆಗಳನ್ನು ಅಮ್ಮ ಒಳಗೆ ಕೈ ಹಾಕಿ ಎಳೆಯುತ್ತಾಳೆ. ಹೋದ ವರ್ಷ ನಾನೂ ಹೋಗಿದ್ದೆ. ಬದುವಿನ ಬುಡದಲ್ಲೊಂದು ಬಿಲವಿತ್ತು. ನಾನು ಗುದ್ದಲಿಯಿಂದ ಅದರ ಬಾಯಿ ಕೆರೆದು ಅಗಲ ಮಾಡಿದೆ. ಅಮ್ಮ ಹಿಂಜರಿದಳು.

“ಇದ್ಯಾಕೋ ಸರಿ ಕಾಣ್ತಿಲ್ಲ ಕಣೇ. ಬಿಟ್ಬಿಡಾಣ.”

“ಬಲೆ ಇಲ್ಲ ನೋಡಮ್ಮ, ಇಲೀದೇ. ಕೈ ಹಾಕು, ನಾನ್ ಹೇಳ್ತಿದೀನಲ್ಲ.”

ಅಮ್ಮನ ಕೈ ಮೊಣಕೈವರೆಗೆ ಒಳಗೆ ಹೋಯಿತು. ಒಂದು ಕ್ಷಣ ಏನೂ ಆಗಲಿಲ್ಲ. ಆಮೇಲೆ ಅವಳು ಚೀರಿ ಕೈ ಎಳೆದುಕೊಂಡಳು. ಬೆರಳಲ್ಲಿ ಎರಡು ಹನಿ ರಕ್ತ.

ಆಗ ನನಗೆ ಹೊಳೆಯಿತು. ಬಲೆ ಇತ್ತೋ ಇಲ್ಲವೋ ಎಂದು ನಾನು ನೋಡಿದ್ದು ಬಾಯಿ ಕೆರೆದ ಮೇಲೆ! ಬಲೆಯಿದ್ದರೂ ಮಣ್ಣಿನೊಡನೆ ಹೋಗಿರುತ್ತಿತ್ತು, ಹಾವಿನ ಪೊರೆಯಿದ್ದರೂ ಹೋಗಿರುತ್ತಿತ್ತು. ಇಲಿಬಿಲದಲ್ಲಿ ನಾಗರಹಾವು ಸೇರುವುದು ನಮ್ಮ ಕಡೆ ಹೊಸದೇನಲ್ಲ.

ಆಸ್ಪತ್ರೆ ತಲುಪುವಷ್ಟರಲ್ಲಿ ಅಂಗೈ ಊದಿತ್ತು. ಏನು ಕಚ್ಚಿತು ಎಂದು ಡಾಕ್ಟರು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ಹೇಳಿದಳು:

“ಇಲಿ ಸಾರ್. ನನ್ ಮಗಳು ಸೈನ್ಸ್ ಮೇಡಮ್ಮು. ಅವಳೇ ನೋಡಿ ಹೇಳಿದ್ದು.”

ಡಾಕ್ಟರು ಬರೆಯತೊಡಗಿದರು. ನಾನು ಸುಮ್ಮನಿದ್ದರೆ ಒಂದು ಇಂಜೆಕ್ಷನ್ ಕೊಟ್ಟು ಮನೆಗೆ ಕಳಿಸುತ್ತಾರೆ. ಹಾವಾಗಿದ್ದರೆ ಅಮ್ಮನ ಪ್ರಾಣ ದಾರಿಯಲ್ಲೇ ಹೋಗುತ್ತದೆ. ಇಷ್ಟು ಗೊತ್ತಿದ್ದೂ, ಮರ್ಯಾದೆ ಹೋಗುತ್ತದಲ್ಲ ಎಂದು ಆ ಗಳಿಗೆಯಲ್ಲಿ ಯೋಚಿಸಿದೆ. ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

“ಗೊತ್ತಿಲ್ಲ ಸಾರ್,” ಎಂದೆ. “ನಾನು ಸರಿಯಾಗಿ ನೋಡ್ಲಿಲ್ಲ. ಹಾವೂ ಇರಬಹುದು.”

ಡಾಕ್ಟರು ಪೆನ್ನು ಬಿಟ್ಟು ಎದ್ದರು. ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು.

ಮಾರನೆಯ ದಿನದವರೆಗೂ ರಕ್ತ ತೆಗೆದು ನೋಡುತ್ತಾ ಅಮ್ಮನನ್ನು ಅಲ್ಲೇ ಇಟ್ಟುಕೊಂಡರು. ಹಾವಿನ ವಿಷವಲ್ಲ, ದೊಡ್ಡ ಜೇಡವೇ ಇರಬೇಕು ಎಂದರು. ವಾರದಲ್ಲಿ ಊತ ಇಳಿಯಿತು.

ಅಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಈಗ ಸಾರಿಗೆ ಉಪ್ಪು ಸರಿಯಾಗಿದೆ ಎಂದು ನಾನು ಹೇಳಿದರೂ “ಹೂಂ” ಎನ್ನುತ್ತಾಳೆ. ಆಮೇಲೆ ಒಂದು ತೊಟ್ಟು ಅಂಗೈಗೆ ಹಾಕಿಕೊಂಡು ತಾನೇ ರುಚಿ ನೋಡುತ್ತಾಳೆ.