ಕೆನೆಬಣ್ಣದ ದಾರ

ಹೋದ ಗುರುವಾರ ಸಂಜೆ ಕತ್ತರಿ ತೀರಿಕೊಂಡಳು. ಅವಳೂ ಎದುರು ಮನೆಯ ನಾನೂ ಎಂದಿನಂತೆ ನಡೆಯಲು ಹೊರಟಿದ್ದೆವು. ಮೆಟ್ಟಿಲ ತಿರುವಿನಲ್ಲಿ ಗೋಡೆ ಹಿಡಿದು ಕೂತವಳು ಮತ್ತೆ ಏಳಲಿಲ್ಲ. ಹೃದಯ ನಿಂತಿತ್ತು ಎಂದು ಡಾಕ್ಟರು ಹೇಳಿದರು.

ಅವಳನ್ನು ಕತ್ತರಿ ಎಂದು ಕರೆಯಲು ಶುರುಮಾಡಿದ್ದು ನಮ್ಮ ಕಟ್ಟಡದವರು. ಎದುರಿಗೆ ಸಿಕ್ಕವರ ಮುಖಕ್ಕಿಂತ ಮೊದಲು ಅವಳ ಕಣ್ಣು ಅವರ ಬಟ್ಟೆಯ ಮೇಲೆ ಹೋಗುತ್ತಿತ್ತು. ತೋಳಿನ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇದನ್ನ ಇನ್ನೂ ಎಷ್ಟು ದಿನ ಹಾಕ್ತೀರಿ?" ಎಂದು ಕೇಳಿಬಿಡುತ್ತಿದ್ದಳು. ಕೆಳಮನೆಯ ವಕೀಲರು ಒಮ್ಮೆ, "ನಾನು ಸತ್ತ ಮೇಲೆ ತಗೊಳ್ಳಿ ತಾಯಿ, ಅಲ್ಲಿವರೆಗೆ ಬಿಡಿ" ಎಂದು ಕೈ ಮುಗಿದಿದ್ದರು. ಅವರ ಹಳೆಯ ಟೈಗಳೆಲ್ಲ ಕೊನೆಗೆ ಹಳೆ ಬಟ್ಟೆ ಕತ್ತರಿಸಿ ಅವಳು ಹೊಲಿಯುತ್ತಿದ್ದ ಕೌದಿಯೊಂದರ ಅಂಚಾದವು. ವಕೀಲರು ಇನ್ನೂ ಗಟ್ಟಿಮುಟ್ಟಾಗಿದ್ದಾರೆ.

ಕೆಲಸದಲ್ಲಿದ್ದಷ್ಟು ಕಾಲ ಅವಳು ಅಂಚೆ ಕಚೇರಿಯಲ್ಲಿ ಪಾರ್ಸೆಲ್ ಕಿಟಕಿಯ ಹಿಂದೆ ಕೂತವಳು. ಕಟ್ಟು ಕೈಗೆ ಬಂದರೆ ಮೊದಲು ಅಲುಗಾಡಿಸಿ, ಆಮೇಲೆ ತೂಗಿ, ಕನ್ನಡಕದ ಮೇಲಿಂದ ನೋಡಿ, "ಒಳಗೇನಿದೆ?" ಎನ್ನುವುದು ಅವಳ ಕ್ರಮ. ಜನ ಹೇಳಿದ್ದನ್ನು ನಂಬುವುದು ಅವಳ ಕೆಲಸದಲ್ಲಿರಲಿಲ್ಲ. ನಿವೃತ್ತಿಯಾದ ಮೇಲೆ ಆ ಕಿಟಕಿಯನ್ನು ಮನೆಗೇ ತಂದಿಟ್ಟುಕೊಂಡಳು ಎಂದು ಅವಳ ಗಂಡ ಹೇಳುತ್ತಿದ್ದರು. ರೇಡಿಯೋ ರಿಪೇರಿಯ ಮನುಷ್ಯ, ಮಾತು ಕಡಿಮೆ. ಆದರೆ ಇಷ್ಟದ ಪಟ್ಟೆಪಟ್ಟೆ ಅಂಗಿಯನ್ನು ಒಗೆದ ಕೂಡಲೇ ತಮ್ಮ ಉಪಕರಣಗಳ ಪೆಟ್ಟಿಗೆಯೊಳಗೆ ಬಚ್ಚಿಡುವಷ್ಟು ಜಾಣರು. ಹಲ್ಲಿನ ಆಸ್ಪತ್ರೆಗೆ ಕಟ್ಟುಹಲ್ಲು ಮಾಡಿಕೊಡುವ ಸೊಸೆ ತನ್ನ ಕಪಾಟಿಗೆ ಬೀಗ ಹಾಕಿಕೊಂಡಿದ್ದಳು. ಹೀಗೆ ಆ ಮನೆಯಲ್ಲಿ ಎಲ್ಲರಿಗೂ ಅವಳ ಮೇಲೆ ಅನುಮಾನ, ಅವಳಿಗೆ ಎಲ್ಲರ ಮೇಲೂ ಅನುಮಾನ. ಅಷ್ಟಾದರೂ ಆ ಮನೆಯಲ್ಲಿ ಕೌದಿ ಹೊದೆಯದೆ ಯಾರೂ ಮಲಗುತ್ತಿರಲಿಲ್ಲ.

ಹೊದೆಯುವುದಿಲ್ಲ ಎಂದು ಬಾಯಲ್ಲಿ ಹೇಳುತ್ತಿದ್ದವರು ಒಬ್ಬರೇ, ಗಂಡನ ಅಕ್ಕ. ಮನೆಯವರೆಲ್ಲ ಅವರನ್ನು ದೊಡ್ಡಕ್ಕ ಎನ್ನುತ್ತಿದ್ದರು. ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಆಗಿದ್ದವರು, ಮದುವೆಯಾಗದೆ ತಮ್ಮನ ಮನೆಯಲ್ಲೇ ಉಳಿದವರು. ಕತ್ತರಿ ಆ ಮನೆಗೆ ಸೊಸೆಯಾಗಿ ಬಂದ ಮೊದಲ ವರ್ಷವೇ ಅವಳಿಗೆ 'ಚಿಂದಿರಾಣಿ' ಎಂಬ ಬಿರುದು ಕೊಟ್ಟಿದ್ದರು. "ನಮ್ಮ ಆಸ್ಪತ್ರೇಲಿ ಇಂಥ ಬಟ್ಟೇನ ಸುಟ್ಟು ಹಾಕ್ತಿದ್ವಿ, ನೀನು ಹೊದ್ಕೊಳ್ಳೋಕೆ ಕೊಡ್ತೀಯ" ಎನ್ನುವರು. ಕತ್ತರಿ ಸುಮ್ಮನಿರುವವಳಲ್ಲ. "ಚಳಿಗೆ ಚಿಂದಿ, ಮಾತಿಗೆ ದೊಡ್ಡಕ್ಕ. ಎರಡೂ ಬೆಚ್ಚಗಿರುತ್ತೆ ಬಿಡಿ" ಎನ್ನುವಳು.

ಯಾವಾಗಲೂ ನಾಲ್ಕೈದು ಕೌದಿಗಳು ಅರ್ಧಂಬರ್ಧ ನಡೆದಿರುತ್ತಿದ್ದವು. ಮುರಿದ ಛತ್ರಿಗಳ ಬಟ್ಟೆಯದು ಒಂದು. ಮುಟ್ಟಿದರೆ ಸರಸರ ಸದ್ದು ಮಾಡುವ ಅದನ್ನು ಎಲ್ಲರೂ ಬೇಡವೆಂದರು. ಇನ್ನೊಂದರಲ್ಲಿ ಕೆಂಪು ಪರದೆಯ ತುಂಡು ಬಣ್ಣ ಬಿಟ್ಟು ಬಿಳಿಯದನ್ನೆಲ್ಲ ಕೆಡಿಸಿತು. ಒಂದು ವಾರ ಅವಳು ಪರದೆಯ ಅಂಗಡಿಯವನನ್ನು ಬೈದುಕೊಂಡು ಓಡಾಡಿದಳು. ಕೊನೆಯದನ್ನು ಮಾತ್ರ ತನಗಾಗಿ ಎತ್ತಿಕೊಂಡಿದ್ದಳು. ಕಚೇರಿಯ ನೀಲಿ ಸಮವಸ್ತ್ರಗಳನ್ನು ಕತ್ತರಿಸಿ, ಹಜಾರದ ದಿವಾನದ ಮೇಲೆ ಹರಡಿ, ಅಂಚಿನಿಂದ ಸುತ್ತುತ್ತಾ ಒಳಕ್ಕೆ ಹೊಲಿದು ಬರುತ್ತಿದ್ದಳು. ಹೊಲಿಗೆಯ ಸಾಲು ಸಾಲಿನ ಪಕ್ಕದಲ್ಲೇ, ಅಕ್ಕಿಕಾಳಿನಷ್ಟು ಅಂತರದಲ್ಲಿ. "ಎಲ್ಲರಿಗೂ ಹೊದಿಸಿದ್ದಾಯ್ತು, ಇದು ನನ್ನ ಮಂಚಕ್ಕೆ" ಎಂದಿದ್ದಳು.

ಅದರ ನಡುವೆಯೇ ಸೂಜಿ ಅಂಗೈಯೊಳಗೆ ಮುರಿಯಿತು. ಡಾಕ್ಟರು ಸೀಳಿ ತೆಗೆದರು. ಕೈ ನಡುಗುತ್ತಿದೆಯಲ್ಲ ಎಂದೂ ಕೇಳಿದರು. ಮಗ ಬಸ್ ಡಿಪೋದಲ್ಲಿ ಮೇಲ್ವಿಚಾರಕ. ಮನೆಯಲ್ಲೂ ಎಲ್ಲವನ್ನೂ ಡಿಪೋದಂತೆ ನಡೆಸುವವನು.

"ಸಾಕಮ್ಮ ಇನ್ನು. ದಿವಾನೂ ಖಾಲಿಯಾಗುತ್ತೆ."

"ನನ್ನ ಸಾಲು ಸೊಟ್ಟ ಆದ ದಿನ ನಾನೇ ಸೂಜಿ ಎತ್ತಿಡ್ತೀನಿ, ನೀನು ಹೇಳ್ಬೇಕಾಗಿಲ್ಲ."

"ಮಾತು ಕೊಟ್ಟ ಹಾಗೆ?"

"ಕೊಟ್ಟ ಹಾಗೆ ಏನು ಬಂತು, ಕೊಟ್ಟೆ."

ದೊಡ್ಡಕ್ಕ ಪೇಪರಿನಿಂದ ತಲೆ ಎತ್ತಲಿಲ್ಲ. "ಹೊಲೀಲಿ ಬಿಡೋ. ಇಲ್ಲದಿದ್ರೆ ಇಡೀ ದಿನ ನನ್ನ ತಲೆ ತಿಂತಾಳೆ" ಎಂದರು. ನಾನು ಅಲ್ಲೇ ಇದ್ದೆ. ಅಂದಿನಿಂದ ಮಗ ಆಗಾಗ ಬಗ್ಗಿ ಸಾಲು ನೋಡುತ್ತಿದ್ದ. ಸಾಲು ನೆಟ್ಟಗಿರುತ್ತಿತ್ತು. ಅವನು ಕೈಕಾಲು ತೊಳೆಯಲು ಹೋಗುತ್ತಿದ್ದ.

ಕೆಲವು ವಾರ ಕಳೆದ ಮೇಲೆ ಒಂದು ಬೆಳಗ್ಗೆ ಅವಳು ನನ್ನ ಬಾಗಿಲು ಬಡಿದಳು. ನಾನು ಅಚ್ಚಿಗೆ ಹೋಗುವ ಪುಸ್ತಕಗಳ ಕರಡು ತಿದ್ದುವವಳು.

"ತಪ್ಪು ಹಿಡಿಯೋದು ನಿನ್ನ ಕಸುಬಲ್ವಾ? ಬಾ, ಒಂದು ನೋಡಿ ಹೇಳು."

ದಿವಾನದ ಮೇಲೆ ಬಗ್ಗಿ ಒಂದು ಗೇಣಿನಷ್ಟು ಜಾಗ ತೋರಿಸಿದಳು. ಅವಳು ಎಡಗೈಯವಳು, ಅವಳ ಹೊಲಿಗೆ ಗಾಳಿಗೆ ಬಾಗಿದ ಹುಲ್ಲಿನಂತೆ ಒಂದೇ ಕಡೆಗೆ ವಾಲುತ್ತಿತ್ತು. ಆ ಗೇಣಿನಷ್ಟರಲ್ಲಿ ಅದು ಇನ್ನೊಂದು ಕಡೆಗೆ ವಾಲಿತ್ತು. ಬಟ್ಟೆ ಮಗುಚಿ ದಾರ ಮುಗಿದ ಕಡೆ ಉಗುರಿಟ್ಟಳು. ಅವಳ ಗಂಟು ಬೆರಳಿಗೆ ಸುತ್ತಿ ಉರುಳಿಸಿದ್ದು, ಮೆಣಸಿನಕಾಳಿನಂತೆ ಗುಂಡಗೆ ಇರುತ್ತಿತ್ತು. ಇದು ಚಪ್ಪಟೆಯಾಗಿತ್ತು, ಎರಡು ಸುತ್ತಿನ ಮೇಲೆ ಎದುರು ದಿಕ್ಕಿಗೆ ಒಂದು ಸುತ್ತು.

"ಇದು ನನ್ನ ಕೈ ಅಲ್ಲ. ಯಾರೋ ನನ್ನ ಹೊಲಿಗೆ ಬಿಚ್ಚಿ ತಮ್ಮದು ಹಾಕ್ತಿದ್ದಾರೆ."

"ಯಾಕೆ ಹಾಕ್ತಾರೆ?"

"ಯಾಕೆ ಅಂದ್ರೆ? ನಾಳೆ ಎಲ್ಲರ ಮುಂದೆ, ಅವಳ ಕೈ ಹೋಗಿದೆ, ಅರ್ಧ ನಾವೇ ಹೊಲಿದದ್ದು ಅಂತ ಹೇಳೋಕೆ. ನಾನು ಮಾತು ಕೊಟ್ಟಿದ್ದೀನಲ್ಲ, ಬಾಯಿ ಮುಚ್ಚಿಸೋಕೆ ಇಷ್ಟು ಸಾಕು."

ಆಮೇಲೆ ಆ ಮನೆಯ ಗಾಳಿಯೇ ಬದಲಾಯಿತು. ಸೂಜಿ ಎಲ್ಲಿ ಚುಚ್ಚಿಟ್ಟೆ ಎಂದು ನೆನಪಿಟ್ಟುಕೊಂಡು ಅಡುಗೆಮನೆಗೆ ಹೋಗುವಳು. ದಿವಾನದ ಪಕ್ಕ ಯಾರು ಹಾದರೂ ಅವರ ಕೈ ನೋಡುವಳು. ಗಂಡನನ್ನು ಮೊದಲು ಅನುಮಾನದಿಂದ ಬಿಟ್ಟಳು: "ಅವರಿಗೆ ಗುಂಡಿ ಹಾಕ್ಕೊಳ್ಳೋಕೂ ಕಷ್ಟ." ಮಗನಿಗೆ ಪುರುಸೊತ್ತಿಲ್ಲ. ದೊಡ್ಡಕ್ಕನ ಹೆಸರು ನಾನೇ ಎತ್ತಿದೆ.

ಅವಳು ನಕ್ಕುಬಿಟ್ಟಳು. "ದೊಡ್ಡಕ್ಕನಾ? ನನ್ನ ಕೌದಿ ಮುಟ್ಟಿದರೆ ಸೋಪು ಹಾಕಿ ಕೈ ತೊಳ್ಕೊಳ್ಳೋರು. ಬಯ್ಯೋಕೆ ಮಾತ್ರ ಹತ್ತಿರ ಬರೋದು."

ಒಂದು ಸಂಜೆ ನಡೆಯುತ್ತಾ ಥಟ್ಟನೆ ನಿಂತಳು. "ಅಲ್ಲ, ದಿನಾ ಇದೇ ಹೊತ್ತಿಗೆ ನನ್ನ ಹೊರಗೆ ಎಳ್ಕೊಂಡು ಬರೋಳು ನೀನು. ಮನೇಲಿ ಯಾರಿಗೋ ಸಮಯ ಮಾಡಿಕೊಡ್ತಿದ್ದೀಯಾ? ನೀನು ಯಾರ ಪಾರ್ಟಿ?" ನಾನು ನಗಲು ಹೋದೆ. ಅವಳು ನಗಲಿಲ್ಲ. ಉದ್ಯಾನ ಒಂದು ಸುತ್ತು ಮುಗಿಯುವವರೆಗೆ ನನ್ನಿಂದ ಎರಡು ಹೆಜ್ಜೆ ಮುಂದೆಯೇ ನಡೆದಳು.

ಬಲೆ ಹೆಣೆದದ್ದು ಆಮೇಲೆ. ದಾರದಂಗಡಿಯಲ್ಲಿ ಕೆನೆಬಣ್ಣದ್ದೊಂದು ಉಂಡೆ ಹುಡುಕಿ ತಂದಳು. ಹಜಾರದ ದೀಪದಲ್ಲಿ ಅದೂ ಬಿಳಿಯೇ. ಕಿಟಕಿಯ ಬಿಸಿಲಿಗೆ ಹಿಡಿದರೆ ಮಾತ್ರ ವ್ಯತ್ಯಾಸ ಗೊತ್ತಾಗುವಂಥದ್ದು. ಆ ಉಂಡೆಯನ್ನು ಹಗಲೂ ಇರುಳೂ ತನ್ನ ಅಂಗಿಯ ಜೇಬಿನಲ್ಲೇ ಇಟ್ಟುಕೊಂಡಳು. ಹಳೆಯ ಬಿಳಿ ಉಂಡೆಯನ್ನು ಹೊಲಿಗೆ ಡಬ್ಬಿಯಲ್ಲಿ ಎಂದಿನಂತೆ ಬಿಟ್ಟಳು. ತಾನು ಹೊಲಿದದ್ದು ಕೆನೆ, ಕಳ್ಳರು ಹೊಲಿದದ್ದು ಬಿಳಿ. "ಇನ್ನು ತಪ್ಪಿಸ್ಕೊಳ್ಳಲಿ ನೋಡೋಣ" ಎಂದಳು. ಅಂಚೆ ಕಚೇರಿ ಬಿಟ್ಟ ಮೇಲೆ ಅವಳನ್ನು ಅಷ್ಟು ಉತ್ಸಾಹದಲ್ಲಿ ನಾನು ಕಂಡಿರಲಿಲ್ಲ.

ಕೆಲವೇ ದಿನಗಳಲ್ಲಿ ಕೌದಿಯ ಹೊಸ ಸಾಲುಗಳನ್ನು ಬಿಸಿಲಿಗೆ ಹಿಡಿದಾಗ ಬಿಳಿ ಕಂಡಿತು. ಕೆನೆಯ ಸಾಲಿನ ನಡುನಡುವೆ, ಅಷ್ಟೇ ಸಣ್ಣಗೆ, ಅಷ್ಟೇ ನೆಟ್ಟಗೆ. ಅವಳು ಆ ಹೊಲಿಗೆಗಳ ಮೇಲೆ ಉಗುರು ಎಳೆದು ನೋಡಿದಳು.

"ಇಷ್ಟು ನುಣುಪಾದ ಕೈ ಈ ಮನೇಲಿ ಒಂದೇ. ಹಲ್ಲು ಕೆತ್ತೋ ಕೈ."

ನಾನು ತಡೆಯುವ ಮೊದಲೇ, ಚಹಾದ ಹೊತ್ತಿಗೆ ಎಲ್ಲರ ಎದುರಿಗೂ ಅಂದುಬಿಟ್ಟಳು. "ನನ್ನ ಕೌದಿಗೆ ಕೈ ಹಾಕೋದು ನಿಲ್ಲಿಸಮ್ಮ. ನನಗೆಲ್ಲ ಗೊತ್ತಾಗಿದೆ."

ಸೊಸೆ ಕಪ್ಪು ಕೆಳಗಿಟ್ಟಳು. "ಅತ್ತೆ, ದಿನವಿಡೀ ಊರವರ ಹಲ್ಲಿಗೆ ಬಗ್ಗಿ ಬಗ್ಗಿ ನನ್ನ ಕತ್ತು ಬಿದ್ದು ಹೋಗಿರುತ್ತೆ. ಮನೆಗೆ ಬಂದು ನಿಮ್ಮ ಚಿಂದಿಗೂ ಬಗ್ಗಬೇಕಾ?"

"ಮತ್ತೆ ಯಾರು?"

"ನನ್ನ ಹಳದಿ ಜಾಕೆಟ್ ಎಲ್ಲಿ ಹೋಯ್ತು ಅಂತ ಮೊದಲು ಹೇಳಿ, ಆಮೇಲೆ ನಿಮ್ಮ ಕಳ್ಳರನ್ನ ಹುಡುಕೋಣ."

ದೊಡ್ಡಕ್ಕ ಕುರ್ಚಿಯಲ್ಲಿ ಅಲುಗಾಡಿದರು. "ಸಾಕು ಮಾಡ್ರೇ ಇಬ್ಬರೂ. ಚಿಂದಿರಾಣಿ, ನಿನ್ನ ಆ ಕೌದೀಲೇನು ವಜ್ರ ಇದೆಯಾ, ಕಾವಲು ಕಾಯೋಕೆ?"

ಅಂದಿನಿಂದ ಸೊಸೆ ಅತ್ತೆಯೊಡನೆ ಮಾತು ಬಿಟ್ಟಳು. ತಟ್ಟೆ ತಂದಿಟ್ಟು ಹೋಗುವಳು, ಅಷ್ಟೇ. ಕತ್ತರಿ ಇನ್ನೂ ಬಿಗಿಯಾಗಿ ಹೊಲಿಯತೊಡಗಿದಳು.

ಭಾನುವಾರ ಅವಳ ಗಂಡ ಹಳೆಯ ರೇಡಿಯೋ ಬಿಚ್ಚುವಾಗ ತಗಡು ತಾಗಿ ಹೆಬ್ಬೆರಳು ಕೊಯ್ದುಕೊಂಡರು. ರಕ್ತ ಮೇಜಿನ ಮೇಲೆಲ್ಲ ಆಯಿತು. ಯಾರೂ ಕರೆಯದೆಯೇ ದೊಡ್ಡಕ್ಕ ಬಂದರು. ಕಣ್ಣಿಗೆ ಪೊರೆ ಬಂದಿದ್ದರೂ ಕೈಗೆ ಎಲ್ಲವೂ ಗೊತ್ತಿತ್ತು. ಒರೆಸಿ, ಔಷಧಿ ಹಚ್ಚಿ, ಬ್ಯಾಂಡೇಜಿನ ತುದಿಯನ್ನು ಸೀಳಿ ಎರಡು ಎಳೆ ಮಾಡಿ ಕಟ್ಟಿದರು. "ಸಣ್ಣ ಮಗು ಹಾಗೆ ಮುಖ ಮಾಡ್ಬೇಡ" ಎಂದು ತಮ್ಮನನ್ನು ಗದರಿ ಒಳಗೆ ಹೋದರು.

ನಾನು ಆ ಗಂಟನ್ನು ನೋಡಿದೆ. ಎರಡು ಸುತ್ತು, ಮೇಲೆ ಎದುರು ದಿಕ್ಕಿಗೆ ಒಂದು. ಚಪ್ಪಟೆ. ತಲೆ ಎತ್ತಿದರೆ ಕತ್ತರಿಯೂ ಅದನ್ನೇ ನೋಡುತ್ತಿದ್ದಳು.

"ಬಿಗಿಯಾಯ್ತಾ ರೀ?" ಎಂದು ಗಂಡನನ್ನು ಕೇಳಿದಳು.

"ಇಲ್ಲ, ಸರಿಯಾಗಿದೆ. ಅಕ್ಕ ಕಟ್ಟಿದ್ದು ಬಿಚ್ಚೋದಿಲ್ಲ."

ಅವಳು ಮೇಜಿನ ಮೇಲಿನ ರಕ್ತ ಒರೆಸಲು ಬಟ್ಟೆ ತಂದಳು.

ಮಾರನೆಯ ದಿನ ಅವಳು ನನ್ನನ್ನು ಕರೆದಳು. ಇಬ್ಬರೂ ಸೇರಿ ಇಡೀ ಕೌದಿಯನ್ನು ಕಿಟಕಿಗೆ ಹಿಡಿದೆವು. ಕೆನೆ ದಾರ ಶುರುವಾದ ಮೇಲಿನ ಸಾಲುಗಳಲ್ಲೂ ನಾವು ಅಂದುಕೊಂಡದ್ದಕ್ಕಿಂತ ಬಿಳಿ ಹೆಚ್ಚಿತ್ತು. ಒಳಕ್ಕೆ ಬಂದಂತೆಲ್ಲ ಕೆನೆ ಕಡಿಮೆಯಾಗುತ್ತಾ ಬಂದಿತ್ತು. ತೀರ ಕೊನೆಯ ಸಾಲನ್ನು ಮಾತ್ರ ಯಾರೂ ಮುಟ್ಟಿರಲಿಲ್ಲ. ಅಂದು ಬೆಳಗ್ಗೆ ಅವಳು ಹೊಲಿದದ್ದು ಅದು. ಒಂದು ಹೊಲಿಗೆ ಉದ್ದ, ಒಂದು ಗಿಡ್ಡ, ಒಂದು ಪಕ್ಕದ ಸಾಲನ್ನೇ ಏರಿತ್ತು. ಕಾಲು ಮುರಿದ ಇರುವೆ ನಡೆದುಹೋದಂತಿತ್ತು.

ಅವಳು ಆ ಸಾಲಿನುದ್ದಕ್ಕೂ ಬೆರಳಾಡಿಸಿದಳು. ನಾನು ಏನಾದರೂ ಹೇಳಬೇಕಿತ್ತು. ಕಣ್ಣಿನದೇ ತೊಂದರೆ ಇರಬಹುದು, ಕನ್ನಡಕ ಬದಲಿಸಿ ನೋಡು, ಹೀಗೆ ಏನಾದರೂ.

"ಇದು ನನ್ನ ಕೈ" ಎಂದಳು. ನಂತರ, "ನನಗೆ ನೆಟ್ಟಗೆ ಕಾಣ್ತಿತ್ತು ಕಣೇ, ಹೊಲಿಯುವಾಗ."

"ಮಗನಿಗೆ ಹೇಳ್ತೀಯಾ?"

"ಮಾತು ಕೊಟ್ಟಿದ್ದೀನಲ್ಲ."

ಆದರೆ ಅಂದು ಹೇಳಲಿಲ್ಲ. ಮಂಗಳವಾರವೂ ಇಲ್ಲ, ಬುಧವಾರವೂ ಇಲ್ಲ. ಮಂಗಳವಾರ ಸೊಸೆಯ ಹಾಸಿಗೆಯ ಮೇಲೆ ಹಳದಿ ಜಾಕೆಟ್ ಇತ್ತು, ಒಗೆದು ಇಸ್ತ್ರಿ ಮಾಡಿದ್ದು, ಎಲ್ಲೂ ಕತ್ತರಿ ತಾಗದ್ದು. ಸಂಜೆ ಸೊಸೆ ಅದನ್ನು ತೊಟ್ಟೇ ಚಹಾ ತಂದಳು. "ಸಕ್ಕರೆ ಸಾಕಾ ಅತ್ತೆ?" ಎಂದಳು. "ಸ್ವಲ್ಪ ಹೆಚ್ಚೇ ಆಯ್ತು" ಎಂದಳು ಕತ್ತರಿ. ಅಷ್ಟಕ್ಕೆ ರಾಜಿಯಾಯಿತು.

ದೊಡ್ಡಕ್ಕನನ್ನು ಮಾತ್ರ ಅವಳು ಕೇಳಲಿಲ್ಲ. ಕದ್ದು ನೋಡುತ್ತಿದ್ದಳು. ನಾವು ನಡೆಯಲು ಹೋದಾಗಲೇ ಅವರು ಬಿಚ್ಚಿ ಹೊಲಿಯುವುದು, ಮಗ ಬಂದು ಸಾಲು ನೋಡುವುದರೊಳಗೆ ಮುಗಿಸುವುದು, ಈಗ ಎಲ್ಲವೂ ಲೆಕ್ಕಕ್ಕೆ ಕೂತಿತು. ಪೊರೆ ಬಂದ ಕಣ್ಣಿಗೆ ಕೆನೆಯೂ ಬಿಳಿಯೂ ಒಂದೇ. ಮಗನ ಕಣ್ಣಿಗೆ ಒಂದೇ ಅಲ್ಲ. ಭಾನುವಾರ ಬಿಸಿಲಿಗೆ ಕೌದಿ ಒಣಹಾಕಿದರೆ ಸಾಕು, ಎರಡು ಕೈ ಇರುವುದು ಅವನಿಗೆ ಕಂಡುಬಿಡುತ್ತಿತ್ತು. ಬಲೆ ಅವಳದೇ, ಈಗ ಅದರೊಳಗೆ ಇಬ್ಬರಿದ್ದರು.

ಆ ಗುರುವಾರ ಸಂಜೆ ನಾನು ಕರೆಯಲು ಹೋದಾಗ ಅವಳು ಚಪ್ಪಲಿ ಮೆಟ್ಟಿ ಸಿದ್ಧಳಾಗಿದ್ದಳು. ದಿವಾನದ ಮೇಲೆ ಕೌದಿ ಹರಡಿತ್ತು. ಆ ದಿನದ ಸಾಲು ಎಲ್ಲ ದಿನಕ್ಕಿಂತ ಸೊಟ್ಟ. ದೊಡ್ಡಕ್ಕ ಕಿಟಕಿಯ ಬಳಿ ಪೇಪರು ಹಿಡಿದು ಕೂತಿದ್ದರು.

"ಹೊರಟಿತಪ್ಪ ಚಿಂದಿರಾಣಿ ಸವಾರಿ" ಎಂದರು.

"ನೀವು ಪೇಪರ್ ತಲೆಕೆಳಗಾಗಿ ಹಿಡಿದಿದ್ದೀರಿ ದೊಡ್ಡಕ್ಕ."

"ನಾನು ಹೇಗಾದ್ರೂ ಓದ್ತೀನಿ, ನಿನಗೇನು?"

ಬಾಗಿಲವರೆಗೆ ಬಂದ ಕತ್ತರಿ, "ಒಂದು ನಿಮಿಷ" ಎಂದು ಚಪ್ಪಲಿ ಬಿಟ್ಟು ಹಿಂದಕ್ಕೆ ಹೋದಳು. ಹೊಲಿಗೆ ಡಬ್ಬಿ ತೆರೆದು ಬಿಳಿ ಉಂಡೆಯನ್ನು ಎತ್ತಿಕೊಂಡಳು. ಜೇಬಿನಿಂದ ಕೆನೆಬಣ್ಣದ ಉಂಡೆಯನ್ನು ತೆಗೆದು ಅದೇ ಜಾಗದಲ್ಲಿಟ್ಟಳು. ಸೂಜಿಗೆ ಅದರದೇ ದಾರ ಪೋಣಿಸಲು ಕೂತಳು. ಕೈ ನಡುಗಿ ಮತ್ತೆ ಮತ್ತೆ ತಪ್ಪಿತು, ಕೊನೆಗೆ ಹೊಕ್ಕಿತು. ಅದನ್ನು ಸೊಟ್ಟ ಸಾಲು ಶುರುವಾಗುವ ಕಡೆ ಚುಚ್ಚಿಟ್ಟು, ಡಬ್ಬಿ ಮುಚ್ಚಿದಳು. ಮತ್ತೆ ಚಪ್ಪಲಿ ಮೆಟ್ಟಿಕೊಂಡು, ಬಾಗಿಲು ಎಳೆದುಕೊಳ್ಳುವ ಮೊದಲು ಒಳಕ್ಕೆ ಕೂಗಿದಳು:

"ದೊಡ್ಡಕ್ಕಾ, ನಾವು ಬರೋದು ಇವತ್ತು ಸ್ವಲ್ಪ ತಡ ಆಗುತ್ತೆ."