ಮಾತಿನ ಲಾಳಿ

ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತೆಂದು ಗೊತ್ತಾದ ದಿನ ನಾನು ಮಗ್ಗ ನಿಲ್ಲಿಸಿ ಚಹಾ ಮಾಡಿಕೊಂಡು ಕುಡಿದೆ. ಕರೆಂಟಿದ್ದಾಗ ಮಗ್ಗ ನಿಲ್ಲಿಸುವುದು ಬನಹಟ್ಟಿಯ ನಮ್ಮ ಓಣಿಯಲ್ಲಿ ಹುಚ್ಚರ ಲಕ್ಷಣ. ಆದರೆ ಸಂಘದಿಂದ ನಗರಸಭೆಗೆ ನಿಲ್ಲುವವಳು ನಾನೇ ಎಂದು ನನಗೆ ಅಷ್ಟು ಖಾತ್ರಿಯಿತ್ತು. ಬೇರೆ ಯಾರಿದ್ದರು? ಸಂಘದಲ್ಲಿ ಹೆಂಗಸೆಂದರೆ ನಾನೊಬ್ಬಳೇ. ಆ ಕುರ್ಚಿ ನನಗೆ ಬೇಕಾಗಿತ್ತು. ಬೇಡವೆಂದು ನಾಚಿಕೊಳ್ಳುವ ವಯಸ್ಸು ದಾಟಿತ್ತು.

ಸಂಘ ಹುಟ್ಟಿದ್ದೇ ನಮ್ಮ ಪಡಸಾಲೆಯಲ್ಲಿ. ರಬಕವಿ-ಬನಹಟ್ಟಿಯ ನೇಕಾರರೂ ಮುಧೋಳ, ಬೀಳಗಿ, ಜಮಖಂಡಿ ಕಡೆಯ ಕಬ್ಬಿನವರೂ ಕರೆಂಟಿನ ಜಗಳಕ್ಕಾಗಿ ಒಂದಾಗಿದ್ದೆವು. ಮೊದಮೊದಲು ಸಭೆಯಲ್ಲಿ ಎಲ್ಲರೂ ಒಟ್ಟಿಗೇ ಕಿರುಚುತ್ತಿದ್ದರು. ಮಗ್ಗದ ಸದ್ದಿನಲ್ಲಿ ಬೆಳೆದವರಿಗೆ ಮೆಲ್ಲಗೆ ಮಾತಾಡಲು ಬರುವುದಿಲ್ಲ, ಹೊಲದವರಿಗೆ ಅದರ ಅಗತ್ಯವೂ ಇಲ್ಲ. ಅದಕ್ಕೆ ನಾನೊಂದು ಪದ್ಧತಿ ತಂದೆ. ಮಗ್ಗದಲ್ಲಿ ನೂಲು ಹೊತ್ತು ಅತ್ತಿಂದಿತ್ತ ಓಡುತ್ತದಲ್ಲ, ಎರಡೂ ತುದಿಗೆ ಉಕ್ಕಿನ ಮೊನೆಯಿರುವ ಮರದ ಲಾಳಿ, ಅಂಥದೊಂದು ಹಳೆಯದನ್ನು ನಡುವೆ ಇಟ್ಟೆ. ಅದು ಯಾರ ಕೈಯಲ್ಲಿದೆಯೋ ಅವರು ಮಾತ್ರ ಮಾತಾಡಬೇಕು. ಉಳಿದವರು ಬಾಯಿ ಮುಚ್ಚಿಕೊಂಡಿರಬೇಕು. ಗಂಡಸರಿಗೆ ಸಿಟ್ಟು ಬಂತು, ಆದರೆ ಕೆಲಸ ನಡೆಯಿತು.

ಲಾಳಿಯ ಮೊನೆಯನ್ನು ಯಾರ ಮುಖದ ಕಡೆಗೂ ಹಿಡಿಯುವಂತಿಲ್ಲ. ಇದು ಸಂಘದ ನಿಯಮವಲ್ಲ, ಓಣಿಯ ನಿಯಮ. ಅಡ್ಡ ಹಿಡಿದು ಎರಡೂ ಅಂಗೈಯಲ್ಲಿ ಕೊಡುತ್ತೇವೆ. ಮಕ್ಕಳು ಮೊನೆ ಮುಂದೆ ಮಾಡಿದರೆ ಕಪಾಳಕ್ಕೆ ಬೀಳುತ್ತದೆ. ಓಡುವ ಮಗ್ಗದಿಂದ ಲಾಳಿ ಹಾರಿದರೆ ಏನಾಗುತ್ತದೆಂದು ನಮ್ಮ ಅವ್ವನನ್ನು ನೋಡಿದ ಯಾರೂ ಕೇಳುವುದಿಲ್ಲ. ಅವಳ ಎಡಗಣ್ಣು ಹಾಗೆಯೇ ಹೋಯಿತು. ಆ ಲಾಳಿಯನ್ನು ಅವಳು ಒಲೆಗೆ ಹಾಕಿ ರೊಟ್ಟಿ ಬಡಿದಳು. ಸಂಘದಲ್ಲಿದ್ದದ್ದು ಬೇರೆಯದು.

ಸಂಘದ ಮುಂದಿನ ದಿಕ್ಕು ಗೊತ್ತುಮಾಡುವ ಸಭೆಯನ್ನು ಲೋಕಾಪುರದಲ್ಲಿ ಇಟ್ಟರು. ಸಮೀರವಾಡಿಯ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ತೆವಳಿ ನಮ್ಮ ಬಸ್ಸು ಮುಟ್ಟುವಷ್ಟರಲ್ಲಿ ಮಾತು ಅರ್ಧ ಮುಗಿದಿತ್ತು. ರಬಕವಿಯ ಅರಿವೆ ವ್ಯಾಪಾರಿಯೊಬ್ಬರು ನಮ್ಮ ಅಧ್ಯಕ್ಷರು. ಅವರ ಕೈಯಲ್ಲಿ ಲಾಳಿ.

"ಇವತ್ತ ಬನಹಟ್ಟಿ. ನಾಳೆ ಜಮಖಂಡಿ ನಮ್ದು, ಮುಧೋಳ ನಮ್ದು," ಎಂದರು.

"ಬೀಳಗಿ ಯಾರ್ದ್ರಿ?" ಎಂದ ಬೀಳಗಿಯವನೊಬ್ಬ.

"ಬೀಳಗೀನೂ ನಮ್ದ. ನೀ ಸುಮ್ ಕುಂದ್ರ."

ರೊಟ್ಟಿ ಮುರಿದಂತೆ ತಾಲೂಕುಗಳನ್ನು ಮುರಿದು ಹಂಚಿದ ಮೇಲೆ ನಮ್ಮ ವಾರ್ಡಿನ ಸರದಿ ಬಂತು. ನಾನು ಸೆರಗು ಸರಿ ಮಾಡಿಕೊಂಡೆ. ಅದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

"ಅಕ್ಕಾರು ಸಂಘಕ್ಕ ಭಾಳ ದುಡದಾರ, ಖರೆ," ಎಂದು ಅಧ್ಯಕ್ಷರು ನನ್ನ ಕಡೆ ನೋಡಿ ನಕ್ಕರು. "ಆದ್ರ ಎಲೆಕ್ಷನ್ ಅಂದ್ರ ಮಾರಿ ಬೇಕ್ರೀ. ಗ್ವಾಡಿಗೆ ಫೋಟೋ ಹಚ್ಚುವಂಥ ಮಾರಿ. ನಮ್ಮ ಸೊಸಿ ಬಿ.ಎ. ಓದ್ಯಾಳ."

ಹಿಂದಿನಿಂದ ಯಾರೋ, "ಅಕ್ಕಾರ ಫೋಟೋ ಹಚ್ಚಿದ್ರ ದನಾ ಸೈತ ಆ ಓಣ್ಯಾಗ ಹಾಯೂದಿಲ್ರೀ!" ಎಂದ. ಲಾಳಿ ಅವನ ಕೈಯಲ್ಲಿರಲಿಲ್ಲ. ಆದರೂ ಅವನನ್ನು ಯಾರೂ ತಡೆಯಲಿಲ್ಲ, ಎಲ್ಲರೂ ನಕ್ಕರು. ನನ್ನ ಹಲ್ಲು ಮುಂದೆ ಬಂದಿವೆ, ನನಗೂ ಗೊತ್ತು. ನಮ್ಮ ಪಡಸಾಲೆಯಲ್ಲಿ ನಾನು ಬಡಿದ ರೊಟ್ಟಿ ತಿನ್ನುವಾಗ ಅವು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಲಾಳಿ ಕೈಯಿಂದ ಕೈಗೆ ಹೋಗಿ ನನ್ನ ಹತ್ತಿರ ಬಂದಾಗ ಗೋಧಿ ಹುಗ್ಗಿಯ ವಾಸನೆ ಎದ್ದಿತ್ತು, ಜನರೂ ಎದ್ದಿದ್ದರು. ಖಾಲಿ ಜಮಖಾನೆಗೆ ನಾನೇನು ಹೇಳಲಿ?

ಅಧ್ಯಕ್ಷರು ಎಲೆಯ ಮುಂದೆ ಕೂತು ನನ್ನನ್ನು ಕರೆದರು. "ಅಕ್ಕಾರ, ಸೊಸಿಗೆ ನಾಕ ಮಾತ ಕಲಿಸಿಕೊಡ್ರಿ. ನೇಕಾರ ಮಂದಿಗೆ ಹಿಡಿಸುವಂಥಾವ. ನಿಮ್ಮನ್ನ ಬಿಟ್ರ ನಮಗ್ಯಾರ ಅದಾರ್ರಿ?"

ಒಪ್ಪಿಕೊಂಡೆ. ಮುನಿಸಿಕೊಂಡು ಮನೆಯಲ್ಲಿ ಕೂತರೆ ಓಣಿಯಲ್ಲಿ ನಗುವವರಿಗೆ ಹಬ್ಬ. ಜೊತೆಗೆ ನನ್ನ ಹೊಟ್ಟೆಯಲ್ಲಿ ವಿಷವೂ ಇತ್ತು. ಅವಳಿಗೆ ಎಲ್ಲವನ್ನೂ ಕಲಿಸುವುದು, ಲಾಳಿ ಹಿಡಿಯುವುದೊಂದನ್ನು ಬಿಟ್ಟು. ಭಾಷಣದಲ್ಲಿ ಸಂಘದ ಲಾಳಿ ಹಿಡಿಯುತ್ತಾಳೆಂಬುದು ಗೊತ್ತಿತ್ತು. ಮೊನೆಯನ್ನು ಜನರ ಕಡೆ ಮಾಡಿಯೇ ಮಾಡುತ್ತಾಳೆ. ಆಗ ನಮ್ಮ ಓಣಿಯ ಹೆಂಗಸರು ಅವಳ ಜನ್ಮ ಜಾಲಾಡುತ್ತಾರೆ. ಇದನ್ನು ನೆನೆದುಕೊಂಡು ದಿನಾ ಮಧ್ಯಾಹ್ನ ಅವರ ಮನೆಗೆ ಹೋದೆ.

ಹುಡುಗಿ ಕೆಟ್ಟವಳೇನಲ್ಲ. ಬಾಡಗಂಡಿ ಕಡೆಯ ಕಬ್ಬಿನ ಮನೆತನದವಳು, ಬೆರಳು ಬೆಣ್ಣೆಯಂತಿದ್ದವು. ನನಗೆ ಚಹಾ ಕೊಟ್ಟು ತಾನೂ ಕೆಳಗೇ ಕೂರುತ್ತಿದ್ದಳು. "ನಿಮ್ಮ ಮನೀ ಸಂಗ್ತಿ ಏನಾರ ಹೇಳ ಬೇ, ಮಂದಿಗೆ ಮುಟ್ಟತೈತಿ," ಎಂದೆ.

"ನಮ್ಮ ಮನ್ಯಾಗ ಹೇಳುವಂಥಾದ್ದು ಏನೂ ಆಗಿಲ್ರೀ ಅಕ್ಕಾರ. ನೀವಾಗಿದ್ರ ಏನ್ ಹೇಳ್ತಿದ್ರಿ?"

ಅವ್ವನ ಕಣ್ಣಿನ ಕತೆ ಹೇಳಿದೆ. ಲಾಳಿ ಬಡಿದಾಗ ರಕ್ತ ಮಗ್ಗಕ್ಕೆ ಬಿಗಿದ ಬಿಳಿ ನೂಲಿನ ಹಾಸಿನ ಮೇಲೆ ಬಿದ್ದದ್ದು, ಅವಳು ಸೆರಗಿನಿಂದ ಕಣ್ಣು ಕಟ್ಟಿಕೊಂಡು, ಮೊದಲು ಹರಿದ ಎಳೆಗಳನ್ನು ಗಂಟು ಹಾಕಿ ಆಮೇಲೆ ದವಾಖಾನೆಗೆ ಹೋದದ್ದು. ಹುಡುಗಿ ಅತ್ತಳು. ಅತ್ತರೂ ಚೆಂದವೇ ಕಾಣುತ್ತಾಳಲ್ಲ ಎಂದು ನನಗೆ ಇನ್ನಷ್ಟು ಉರಿಯಿತು.

ಪ್ರಚಾರದ ಮೊದಲ ಸಭೆ ನಮ್ಮ ಓಣಿಯ ದಾರಿಗಳು ಕೂಡುವ ಕೂಟಿನಲ್ಲಿ, ಸಂಜೆ. ಅವ್ವ ತಾನೂ ಬರುತ್ತೇನೆಂದು ಹಟ ಹಿಡಿದಳು. ಕೈಹಿಡಿದು ಕರೆತಂದು ಮುಂದೆಯೇ ಕೂರಿಸಿದೆ. ವೇದಿಕೆಯ ಮೇಲೆ ಹುಡುಗಿ, ಪಕ್ಕದ ಕುರ್ಚಿಯಲ್ಲಿ ಅವಳನ್ನು ಹೆತ್ತ ತಾಯಿ.

"ನನ್ನ ಹಡದವ್ವನ ಎಡಗಣ್ಣು ಲಾಳಿ ಬಡದ ಹೋತ್ರೀ!" ಎಂದಳು ಹುಡುಗಿ.

ಪಕ್ಕದಲ್ಲೇ ಅವಳ ಹಡೆದವ್ವ ಕಾಡಿಗೆ ಹಚ್ಚಿದ ಎರಡೂ ಕಣ್ಣುಗಳನ್ನು ಪಿಳಿಪಿಳಿ ಬಿಡುತ್ತ ಕೂತಿದ್ದಳು. ಬಿಳಿ ಹಾಸು, ರಕ್ತ, ಗಂಟು ಹಾಕಿದ ಎಳೆ, ಒಂದನ್ನೂ ಹುಡುಗಿ ಬಿಡಲಿಲ್ಲ. ನನಗಿಂತ ಚೆನ್ನಾಗಿ ಹೇಳಿದಳು. "ಆ ಕಣ್ಣಿನ ಆಣಿ!" ಎನ್ನುತ್ತ ಲಾಳಿಯನ್ನು ಎತ್ತಿ, ಮೊನೆ ಮುಂದೆ ಮಾಡಿ ಜನರ ಕಡೆ ಬೀಸಿದಳು.

ಮುಂದಿನ ಸಾಲಿನ ಹೆಂಗಸರೆಲ್ಲ ಒಮ್ಮೆಗೇ ತಲೆ ಬಗ್ಗಿಸಿದರು. ಮಗ್ಗದ ಮುಂದೆ ಬಾಳಿದ ಮೈ ತಾನಾಗಿಯೇ ಬಗ್ಗುತ್ತದೆ. ಬಂತು, ಈಗ ಬಂತು ಎಂದು ನಾನು ಕಾದೆ. ಯಾರಾದರೂ ಎದ್ದು, "ಮೊನಿ ತೆಳಗ ಹಿಡಿ ಬೇ!" ಎಂದು ಒದರುತ್ತಾರೆಂದು ಕಾದೆ. ನಮಸ್ಕಾರ ಮಾಡಿದರೆಂದು ತಿಳಿದು ಅಧ್ಯಕ್ಷರು ಅವರಿಗೆ ಕೈ ಮುಗಿದರು. ತಲೆ ಎತ್ತಿದ ಹೆಂಗಸರು ಕಣ್ಣೊರೆಸಿಕೊಂಡು ಚಪ್ಪಾಳೆ ಹೊಡೆದರು. ಎಲ್ಲರೂ ನಮ್ಮ ಓಣಿಯವರೇ. ಆ ಕಣ್ಣು ಯಾರದೆಂದು ಎಲ್ಲರಿಗೂ ಗೊತ್ತಿತ್ತು.

ನಾನು ಅವ್ವನ ರಟ್ಟೆ ಹಿಡಿದೆ. "ಯವ್ವಾ, ಎದ್ದ ನಿಂದ್ರು. ನಿನ್ನ ಕಣ್ಣ ತೋರ್ಸು ಮಂದಿಗೆ."

ಅವ್ವ ಸೆರಗಿನಿಂದ ಎರಡೂ ಕಣ್ಣು ಒರೆಸಿಕೊಳ್ಳುತ್ತಿದ್ದಳು, ಇಲ್ಲದ್ದನ್ನೂ. ನನ್ನ ಕೈ ಕೊಡವಿದಳು.

"ಸುಮ್ ಕುಂದ್ರ ಬೇ. ಇಷ್ಟ ವರ್ಷಕ್ಕ ಇವತ್ತ ನನ್ನ ಕಣ್ಣಿಗೆ ಚಪ್ಪಾಳಿ ಬಿತ್ತು. ನೀ ಹೇಳಿದ್ರ ಬೀಳತಿತ್ತೇನ?"

ಹಾಗೆಂದು ತಾನೂ ಚಪ್ಪಾಳೆ ಹೊಡೆಯತೊಡಗಿದಳು.